ಡ್ರಿಪ್‌ನಲ್ಲಿ ನೀರು ಹೋಗ್ತಿದ್ದರೂ ಟೊಮೆಟೊ ಹೂ ಉದುರೋದು ಯಾಕೆ?

ಪ್ರಶ್ನೆ: ಮುಳಬಾಗಿಲು ಹತ್ತಿರ ಟೊಮೆಟೊ ಹಾಕಿದ್ದೇವೆ. ಏಪ್ರಿಲ್ ಬಿಸಿಲಲ್ಲೂ ಗಿಡ ಹಸಿರಾಗೇ ಇದೆ, ನೀರಿಗೂ ಕೊರತೆ ಇಲ್ಲ. ಆದರೆ ಹೂ ಉದುರುತ್ತೆ, ಕಾಯಿ ಕಚ್ಚೋದಿಲ್ಲ. ಯಾಕೆ?

ಉತ್ತರ: ಇವತ್ತು ಹೂ ಉದುರಿದರೆ ಇವತ್ತಿನ ಬಿಸಿಲನ್ನೇ ಬೈತೀವಿ, ಅಲ್ವಾ? ಏಟು ಬಿದ್ದಿರೋದು ಹೆಚ್ಚಾಗಿ ಎಂಟು-ಹತ್ತು ದಿನ ಮೊದಲು, ಆ ಹೂ ಇನ್ನೂ ಸಣ್ಣ ಮೊಗ್ಗಾಗಿದ್ದಾಗ.

ಎಲೆ ಹೇಗೆ ತಡೆದುಕೊಳ್ಳುತ್ತದೆ ಅನ್ನೋದನ್ನು ಮೊದಲು ನೋಡೋಣ. ಜೀವಕೋಶದ ಹೆಚ್ಚಿನ ಕೆಲಸ ಪ್ರೋಟೀನ್‌ಗಳದ್ದು. ಅವು ಸರಿಯಾಗಿ ಮಡಚಿಕೊಂಡಿದ್ದರೆ ಮಾತ್ರ ಕೆಲಸ ಮಾಡುತ್ತವೆ. ಶಾಖ ಜಾಸ್ತಿಯಾದರೆ ಮಡಿಕೆ ಬಿಚ್ಚಿ, ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮೊಟ್ಟೆ ಬೇಯಿಸಿದಾಗ ಬಿಳಿಭಾಗ ಗಟ್ಟಿಯಾಗೋದೂ ಹೀಗೇ. ಇದನ್ನು ತಡೆಯೋಕೆ ಎಚ್‌ಎಸ್‌ಪಿ ಅನ್ನೋ ಕಾವಲು ಪ್ರೋಟೀನ್‌ಗಳಿವೆ. ಅವುಗಳ ಜೀನ್‌ಗಳನ್ನು ಚಾಲೂ ಮಾಡೋದು ಎಚ್‌ಎಸ್‌ಎಫ್ ಅನ್ನೋ ಇನ್ನೊಂದು ಪ್ರೋಟೀನ್.

ಇಲ್ಲಿರೋ ಲೆಕ್ಕಾಚಾರ ನನಗೆ ತುಂಬಾ ಇಷ್ಟ. ತಂಪು ಹೊತ್ತಲ್ಲಿ ಎಚ್‌ಎಸ್‌ಪಿಗಳೇ ಎಚ್‌ಎಸ್‌ಎಫ್ ಅನ್ನು ಹಿಡಿದಿಟ್ಟಿರುತ್ತವೆ. ಬಿಸಿ ಏರಿ ಪ್ರೋಟೀನ್‌ಗಳು ಕೆಡಲು ಶುರುವಾದರೆ ಹಿಡಿತ ಬಿಟ್ಟು ಅವನ್ನು ಉಳಿಸೋಕೆ ಹೋಗುತ್ತವೆ. ಬಿಡುವಾದ ಎಚ್‌ಎಸ್‌ಎಫ್ ಮೂರು ಮೂರಾಗಿ ಕೂಡಿ, ಡಿಎನ್‌ಎಯ ಗೊತ್ತಾದ ಜಾಗದಲ್ಲಿ ಹೋಗಿ ಕೂರುತ್ತದೆ. ಕೆಲವೇ ನಿಮಿಷದಲ್ಲಿ ಹೊಸ ಎಚ್‌ಎಸ್‌ಪಿ ತಯಾರಿ ಶುರು. ಅವು ಸಾಕಷ್ಟಾದಾಗ ಎಚ್‌ಎಸ್‌ಎಫ್ ಮತ್ತೆ ಅವುಗಳ ಹಿಡಿತಕ್ಕೆ. ಅಂದಹಾಗೆ, ಈ ವ್ಯವಸ್ಥೆಯ ಸುಳಿವು ಮೊದಲು ಸಿಕ್ಕಿದ್ದು ಗಿಡದಲ್ಲಲ್ಲ, ಹಣ್ಣಿನ ನೊಣದಲ್ಲಿ. 1962ರಲ್ಲಿ ಇಟಲಿಯ ಫೆರೂಚಿಯೊ ರಿಟೋಸಾ ಅದನ್ನು ಪ್ರಕಟಿಸಿದರು.

ಟೊಮೆಟೊದಲ್ಲಿ ಎಚ್‌ಎಸ್‌ಎಫ್ ಒಂದಲ್ಲ, ಇಪ್ಪತ್ತಕ್ಕೂ ಹೆಚ್ಚಿವೆ. ಎ1ಎ ಅನ್ನೋದು ಯಜಮಾನ. ಎ2 ಬಿಸಿಲು ಬಿದ್ದ ಮೇಲೆ ಹುಟ್ಟಿ, ಕೆಲವು ದಿನ ಉಳಿದು, ಮುಂದಿನ ಬಿಸಿಲಿಗೆ ಗಿಡವನ್ನು ತಯಾರು ಮಾಡುತ್ತದೆ. ಮೆಲ್ಲಗೆ ಏರೋ ಬಿಸಿಲಿಗಿಂತ ದಿಢೀರ್ ಬಿಸಿಲು ಜಾಸ್ತಿ ಹಾಳು ಮಾಡೋದು ಇದಕ್ಕೇ.

ಈಗ ಹೂವಿಗೆ ಬರೋಣ. ಎಲೆಯಲ್ಲಿ ಈ ಕಾವಲು ಚೆನ್ನಾಗಿ ನಡೆಯುತ್ತದೆ, ಪರಾಗದಲ್ಲಿ ಅಷ್ಟಿಲ್ಲ. ಮೊಗ್ಗಿನೊಳಗೆ ಪರಾಗ ರೂಪುಗೊಳ್ಳೋ ದಿನಗಳಲ್ಲಿ ಹಗಲು 32 ಡಿಗ್ರಿ, ರಾತ್ರಿ 21 ಡಿಗ್ರಿ ದಾಟುತ್ತಾ ಹೋದರೆ ಪರಾಗ ಜೊಳ್ಳಾಗುತ್ತದೆ, ಕಾಯಿ ಕಚ್ಚೋದಿಲ್ಲ. ಎ2 ಜೀನ್ ಅನ್ನು ಅಡಗಿಸಿದ ಟೊಮೆಟೊ ಗಿಡಗಳಿಗೆ ಇದೇ ಹಂತದಲ್ಲಿ ಬಿಸಿ ತಾಕಿಸಿದಾಗ ಪರಾಗ ಇನ್ನೂ ಜಾಸ್ತಿ ಸತ್ತಿತು. ಪರಾಗ ಬಲಿತ ಮೇಲೆ ತಾಕಿಸಿದಾಗ ಆ ವ್ಯತ್ಯಾಸ ಕಾಣಲಿಲ್ಲ.

ಹೂವನ್ನು ಹಿಡಿದು ನೋಡಿ. ಹಳದಿ ಕೊಳವೆಯ ತುದಿಯಿಂದ ಹಸಿರು ಕಡ್ಡಿ ಹೊರಗೆ ಚಾಚಿದ್ದರೆ ಶಾಖದ ಗುರುತು ಇರಬಹುದು. ಉದುರಿದ ಹೂ ಸಾಮಾನ್ಯವಾಗಿ ತೊಟ್ಟಿನ ಗಂಟಲ್ಲೇ ಕಳಚಿರುತ್ತದೆ. ಕಾಯಿ ಕಟ್ಟದ ಹೂವನ್ನು ಗಿಡವೇ ಅಲ್ಲಿ ಬಿಡಿಸಿಕೊಂಡಿರುತ್ತದೆ.

ಹೂ ಉದುರಿತು ಅಂತ ಔಷಧಿ ಅಂಗಡಿಗೆ ಓಡಿ ಬೋರಾನ್ ತಂದು ಹೊಡೆದರೆ ಜೊಳ್ಳು ಪರಾಗ ಮತ್ತೆ ಗಟ್ಟಿಯಾಗೋದಿಲ್ಲ. ಯೂರಿಯಾ ಜಾಸ್ತಿಯಾಗಿದ್ದರೂ ಹೂ ಉದುರುತ್ತೆ, ಅದನ್ನೂ ನೋಡಿಕೊಳ್ಳಿ. ಶೇಡ್ ನೆಟ್ ಹಾಕೋದಿದ್ದರೆ ಮೊಗ್ಗು ಮೂಡೋ ಹೊತ್ತಿಗೇ ಹಾಕಿ. ಹೂ ಅರಳಿದ ಮೇಲೆ ಹಾಕಿದರೆ ಆ ಗೊಂಚಲು ಉಳಿಯೋದು ಕಷ್ಟ, ಮುಂದಿನ ಗೊಂಚಲಿಗಾದರೂ ಆದೀತು.