ಮೊದಲ ಗ್ಯಾಲಕ್ಸಿಗಳು ಅಷ್ಟೊಂದು ಬೆಳಗಿದ್ದು ಹೇಗೆ?

ದೂರದ ಗ್ಯಾಲಕ್ಸಿಯೊಂದರಲ್ಲಿ ವರ್ಷಕ್ಕೆ ಎಷ್ಟು ನಕ್ಷತ್ರಗಳು ಹುಟ್ಟುತ್ತವೆ ಎಂದು ಯಾರೂ ಎಣಿಸಿದ್ದಿಲ್ಲ. ಅಳೆಯುವುದು ಬೆಳಕನ್ನು. ಭಾರಿ ನಕ್ಷತ್ರಗಳು ನೇರಳಾತೀತ ಬೆಳಕನ್ನು ಚೆಲ್ಲಿ ಕೆಲವೇ ದಶಲಕ್ಷ ವರ್ಷಗಳಲ್ಲಿ ಸಾಯುತ್ತವೆ. ಹಾಗಾಗಿ ಆ ಬೆಳಕು ಕಂಡರೆ ಅಲ್ಲಿ ಹೊಸ ನಕ್ಷತ್ರಗಳು ಹುಟ್ಟಿವೆ ಎಂದರ್ಥ. ಒಂದು ಭಾರಿ ನಕ್ಷತ್ರದ ಜೊತೆಗೆ ಇಂತಿಷ್ಟು ಸಣ್ಣವು ಎಂಬ ಅನುಪಾತವನ್ನು ನಮ್ಮ ನೆರೆಹೊರೆಯಿಂದ ಎರವಲು ತಂದು ಒಟ್ಟು ಲೆಕ್ಕ ಕಟ್ಟುತ್ತಾರೆ. ಇಂದಿನ ವಾದವಿವಾದಗಳಲ್ಲಿ ಅರ್ಧ ಈ ಎರವಲಿನದೇ.

1995ರ ಡಿಸೆಂಬರ್‌ನಲ್ಲಿ, ಹಬಲ್ ದೂರದರ್ಶಕವನ್ನು ನಡೆಸುವ ಸಂಸ್ಥೆಯ ನಿರ್ದೇಶಕರಾಗಿದ್ದ ರಾಬರ್ಟ್ ವಿಲಿಯಮ್ಸ್, ತಮ್ಮ ವಿವೇಚನೆಗೆ ಬಿಟ್ಟಿದ್ದ ಅದರ ಸಮಯವನ್ನು ಸಪ್ತರ್ಷಿ ಮಂಡಲದ ಬಳಿಯ ಆಕಾಶದ ಖಾಲಿ ಚೂರೊಂದಕ್ಕೆ ಸುರಿದರು. ಹತ್ತು ದಿನಗಳ ಕೊನೆಗೆ ಸುಮಾರು 3,000 ಗ್ಯಾಲಕ್ಸಿಗಳು ಸಿಕ್ಕವು. ಮರುವರ್ಷ ಖಗೋಳವಿಜ್ಞಾನಿ ಪಿಯರೋ ಮಡಾವ್ ಮತ್ತು ಸಂಗಡಿಗರು ವಿಶ್ವದಲ್ಲಿ ನಕ್ಷತ್ರ ಜನನದ ಏರಿಳಿತವನ್ನು ರೇಖಾಚಿತ್ರವಾಗಿಸಿದರು. ನಂತರದ ಅಧ್ಯಯನಗಳು ಅದನ್ನು ತಿದ್ದಿದವು: ನಕ್ಷತ್ರ ಜನನ ಸುಮಾರು ಸಾವಿರ ಕೋಟಿ ವರ್ಷಗಳ ಹಿಂದೆ ಉತ್ತುಂಗದಲ್ಲಿತ್ತು, ಅದಕ್ಕೂ ಹಿಂದೆ ಕಡಿಮೆಯಿತ್ತು.

ಎಷ್ಟು ಕಡಿಮೆ? ಹಬಲ್ ಅಲ್ಲಿಗೆ ಸೋತಿತು. ವಿಶ್ವ ಹಿಗ್ಗುತ್ತಿರುವುದರಿಂದ ಅತಿ ಪ್ರಾಚೀನ ನೇರಳಾತೀತ ಬೆಳಕು ನಮ್ಮನ್ನು ತಲುಪುವಾಗ ಅವಕೆಂಪಾಗಿರುತ್ತದೆ. 2022ರ ಜುಲೈನಿಂದ ಜೇಮ್ಸ್ ವೆಬ್ ದೂರದರ್ಶಕ ಅದನ್ನು ಹಿಡಿಯತೊಡಗಿದಾಗ, ಲೆಕ್ಕಕ್ಕಿಂತ ಹೆಚ್ಚು ಪ್ರಖರ ಗ್ಯಾಲಕ್ಸಿಗಳು ಕಂಡವು. ವಿಶ್ವವಿಜ್ಞಾನವೇ ಕುಸಿಯಿತೆಂಬ ಶೀರ್ಷಿಕೆಗಳು ಬಂದವು. ಅವಸರದ ಮಾತು ಅದು. ಅತಿ ದೂರದ್ದೆಂದು ಹೆಸರಾದ ಒಂದು ಗ್ಯಾಲಕ್ಸಿಯ ಬೆಳಕನ್ನು ಬಣ್ಣಗಳಾಗಿ ಬಿಡಿಸಿ ಅದರ ರೋಹಿತ ಪರೀಕ್ಷಿಸಿದಾಗ ಅದು ಅಂದುಕೊಂಡದ್ದಕ್ಕಿಂತ ಬಹಳ ಹತ್ತಿರದ್ದೆಂದು ಬಯಲಾಯಿತು.

ಆದರೆ ಎಲ್ಲವೂ ಹಾಗೆ ಕರಗಲಿಲ್ಲ. 2024ರಲ್ಲಿ ಪ್ರಕಟವಾದ ಜೇಡ್ಸ್-ಜಿಎಸ್-ಜೆಡ್14-0 ಎಂಬ ಗ್ಯಾಲಕ್ಸಿ ಮಹಾಸ್ಫೋಟದ ನಂತರ ಕೇವಲ 30 ಕೋಟಿ ವರ್ಷಗಳ ಹೊತ್ತಿನದು. ಅದರ ಬೆಳಕು 1,600 ಜ್ಯೋತಿರ್ವರ್ಷಕ್ಕೂ ಹೆಚ್ಚು ಹರಡಿರುವುದರಿಂದ, ಒಂದೇ ಚುಕ್ಕೆಯಾಗಿ ಬೆಳಗುವ ಕಪ್ಪುಕುಳಿಯ ಸುತ್ತಲಿನ ಅನಿಲದ ಮೇಲೆ ಹೊಣೆ ಹೊರಿಸುವುದು ಕಷ್ಟ. ನಕ್ಷತ್ರಗಳೇ ಬೆಳಗಬೇಕು. ಜನನ ನಿರಂತರವಲ್ಲದೆ ಅಲೆಅಲೆಯಾಗಿ ಉಕ್ಕುತ್ತಿತ್ತು, ಧೂಳು ಕಡಿಮೆಯಿತ್ತು, ಭಾರಿ ನಕ್ಷತ್ರಗಳ ಪಾಲು ಹೆಚ್ಚಿತ್ತು ಎಂಬ ಮೂರು ಊಹೆಗಳಿವೆ. ಮೂರನೆಯದು ನಿಜವಾದರೆ ಎರವಲು ತಂದ ಅನುಪಾತವೇ ಬಿದ್ದುಹೋಗುತ್ತದೆ. ನನಗೆ ಮೊದಲನೆಯದೇ ಹೆಚ್ಚು ಸಹಜವೆನಿಸುತ್ತದೆ.

ಇನ್ನೊಂದು ದಾರಿ ನಮ್ಮೂರಿನದು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ 2020ರಲ್ಲಿ ಸರಸ್-3 ಎಂಬ ರೇಡಿಯೋ ದೂರದರ್ಶಕವನ್ನು ದಂಡಿಗಾನಹಳ್ಳಿ ಕೆರೆ ಮತ್ತು ಶರಾವತಿ ಹಿನ್ನೀರಿನ ಮೇಲೆ ತೇಲಿಬಿಟ್ಟಿತು. ನೆಲದ ಪದರಗಳು ಸಂಕೇತವನ್ನು ಕೆಡಿಸುತ್ತವೆ, ನೀರು ಏಕರೂಪ. ಹುಡುಕಿದ್ದು ಮೊದಲ ನಕ್ಷತ್ರಗಳ ಬೆಳಕು ಸುತ್ತಲಿನ ಜಲಜನಕದಲ್ಲಿ ಮೂಡಿಸುವ ಮಂದ ರೇಡಿಯೋ ಸಂಕೇತವನ್ನು. ಅದು ಕಾಣದಿದ್ದುದರಿಂದಲೇ, ಮಹಾಸ್ಫೋಟದ 20 ಕೋಟಿ ವರ್ಷಗಳ ನಂತರದ ಗ್ಯಾಲಕ್ಸಿಗಳು ತಮ್ಮ ಅನಿಲದಲ್ಲಿ ಶೇ 3ಕ್ಕಿಂತ ಕಡಿಮೆ ಭಾಗವನ್ನಷ್ಟೇ ನಕ್ಷತ್ರವಾಗಿಸುತ್ತಿದ್ದವು ಎಂದು ತಂಡ 2022ರಲ್ಲಿ ಅಂದಾಜಿಸಿತು.

2025ರಲ್ಲಿ ಚಿಲಿಯ ಆಲ್ಮಾ ದೂರದರ್ಶಕ ಆ ಜೇಡ್ಸ್ ಗ್ಯಾಲಕ್ಸಿಯಲ್ಲಿ ಆಮ್ಲಜನಕವನ್ನು ಗುರುತಿಸಿತು. ಆಮ್ಲಜನಕ ತಯಾರಾಗುವುದು ನಕ್ಷತ್ರಗಳ ಒಡಲಲ್ಲಿ. ಅಂದರೆ ನಾವು ಕಾಣುತ್ತಿರುವ ಆ ನಕ್ಷತ್ರಗಳಿಗೂ ಮೊದಲೊಂದು ತಲೆಮಾರು ಅಲ್ಲಿ ಹುಟ್ಟಿ ಸತ್ತಿತ್ತು.