ಕ್ರೋಮ್‌ನಲ್ಲಿ ಕಾಣುವ ಮಸುಕು ಗಾಜು ಐಫೋನ್‌ನಲ್ಲಿ ಯಾಕೆ ಮಾಯ?

ಓದುಗರ ಪ್ರಶ್ನೆ: ನನ್ನ ವೆಬ್ ಪುಟದ ಮೆನು ಪಟ್ಟಿಗೆ 20% ಬಿಳಿ ಹಿನ್ನೆಲೆ ಹಾಕಿ ಮಸುಕು ಗಾಜಿನ ಎಫೆಕ್ಟ್ ಕೊಟ್ಟಿದ್ದೇನೆ. ಲ್ಯಾಪ್‌ಟಾಪ್‌ನ ಕ್ರೋಮ್‌ನಲ್ಲಿ ಚೆನ್ನಾಗಿದೆ. ಗೆಳೆಯನ ಹಳೇ ಐಫೋನ್‌ನಲ್ಲಿ ಮಸುಕೇ ಇಲ್ಲ, ಅಕ್ಷರಗಳು ಹಿಂದಿನ ಫೋಟೋದಲ್ಲಿ ಕಲಸಿಹೋಗುತ್ತವೆ. ಅಲ್ಲೂ ಕ್ರೋಮ್ ಹಾಕಿ ನೋಡಿದೆ, ಅದೇ ಕಥೆ. ತಪ್ಪು ಎಲ್ಲಿದೆ?

ಉತ್ತರ: ನೀವು ಕೊನೆಗೆ ಹೇಳಿದ ಮಾತಿನಲ್ಲೇ ಸುಳಿವಿದೆ. ಐಫೋನ್‌ನ ಕ್ರೋಮ್ ಹೊರಗಿನಿಂದ ಮಾತ್ರ ಕ್ರೋಮ್. ಒಳಗೆ ಪುಟ ಬಿಡಿಸುವ ಎಂಜಿನ್ ಸಫಾರಿಯದೇ, ಅಂದರೆ ವೆಬ್‌ಕಿಟ್. (ಯುರೋಪಿಯನ್ ಒಕ್ಕೂಟದಲ್ಲಿ 2024ರಲ್ಲಿ ಆಪಲ್ ಬೇರೆ ಎಂಜಿನ್‌ಗಳಿಗೆ ದಾರಿ ಬಿಟ್ಟಿತು.) ಹಾಗಾಗಿ ಪರೀಕ್ಷೆ ಮಾಡುವಾಗ ಬ್ರೌಸರ್ ಹೆಸರು ಎಣಿಸಬೇಡಿ, ಎಂಜಿನ್ ಎಣಿಸಿ. ಲ್ಯಾಪ್‌ಟಾಪ್‌ನ ಕ್ರೋಮ್, ಎಡ್ಜ್, ಒಪೆರಾ ಮೂರರಲ್ಲೂ ಇರುವುದು ಬ್ಲಿಂಕ್. ಒಂದರಲ್ಲಿ ನೋಡಿದರೆ ಹೆಚ್ಚುಕಡಿಮೆ ಮೂರನ್ನೂ ನೋಡಿದಂತೆ. ಫೈರ್‌ಫಾಕ್ಸ್‌ನ ಗೆಕ್ಕೊ ಬೇರೆ, ವೆಬ್‌ಕಿಟ್ ಬೇರೆ.

ನೀವು ಬಳಸಿರುವುದು ಬ್ಯಾಕ್‌ಡ್ರಾಪ್-ಫಿಲ್ಟರ್, ಅಂದರೆ ಹಿಂದೆ ಕಾಣುವುದನ್ನು ಮಸುಕು ಮಾಡುವ ಸಾಲು, ಅಲ್ವಾ? ಇದನ್ನು ಮೊದಲು ತಂದದ್ದೇ ಸಫಾರಿ, 2015ರಲ್ಲಿ. ಆದರೆ ಹೆಸರಿನ ಮುಂದೆ ವೆಬ್‌ಕಿಟ್ ಪ್ರಿಫಿಕ್ಸ್ (-webkit- ಎಂಬ ತುಣುಕು) ಹಾಕಲೇಬೇಕಿತ್ತು. ಕ್ರೋಮ್ 2019ರಲ್ಲಿ, ಫೈರ್‌ಫಾಕ್ಸ್ 2022ರಲ್ಲಿ ಪ್ರಿಫಿಕ್ಸ್ ಇಲ್ಲದ ಹೆಸರನ್ನೇ ಒಪ್ಪಿದವು. ಸಫಾರಿ ಅದನ್ನು ಒಪ್ಪಿದ್ದು 2024ರ ಸೆಪ್ಟೆಂಬರ್‌ನಲ್ಲಿ, 18ನೇ ಆವೃತ್ತಿಯಲ್ಲಿ. ಅದಕ್ಕಿಂತ ಹಳೇ ಸಫಾರಿ ಇರುವ ಐಫೋನ್‌ಗೆ ಮಸುಕು ಮಾಡಲು ಬರುತ್ತದೆ, ನೀವು ಬರೆದ ಹೆಸರು ಮಾತ್ರ ಗೊತ್ತಿಲ್ಲ. ಪ್ರಿಫಿಕ್ಸ್ ಇರುವ ಸಾಲನ್ನು ಮೊದಲು, ಇಲ್ಲದ್ದನ್ನು ಅದರ ಕೆಳಗೆ ಬರೆಯಿರಿ. ಎರಡಕ್ಕೂ ಒಂದೇ ಮೌಲ್ಯ, ಉದಾಹರಣೆಗೆ 12 ಪಿಕ್ಸೆಲ್ ಬ್ಲರ್ (ಮಸುಕು).

ನಿಮ್ಮ ಮಸುಕು ಇಷ್ಟಕ್ಕೇ ಬಂದುಬಿಡಬಹುದು. ಆದರೆ ನನ್ನ ಚಿಂತೆ ಇರುವುದು ಆ ಕಲಸಿಹೋದ ಅಕ್ಷರಗಳ ಬಗ್ಗೆ. ಪುಟದ ನೋಟ ಬರೆಯುವ ಭಾಷೆಯಾದ ಸಿಎಸ್‌ಎಸ್‌ನಲ್ಲಿ ಅರ್ಥವಾಗದ ಸಾಲು ಸಿಕ್ಕರೆ ಬ್ರೌಸರ್ ಗಲಾಟೆ ಮಾಡುವುದಿಲ್ಲ. ಆ ಒಂದು ಸಾಲನ್ನು ಸುಮ್ನೆ ಬಿಟ್ಟು ಮುಂದಿನದಕ್ಕೆ ಹೋಗುತ್ತದೆ. ನಿಮ್ಮ ಪುಟದಲ್ಲಿ ಬ್ಲರ್ ಸಾಲು ಬಿದ್ದುಹೋಯಿತು, 20% ಬಿಳಿ ಹಿನ್ನೆಲೆಯ ಸಾಲು ಉಳಿಯಿತು. ಅಷ್ಟು ತೆಳು ಬಿಳಿಯ ಹಿಂದೆ ಫೋಟೋ ಸ್ಕ್ರೋಲ್ ಆದರೆ ಯಾವ ಅಕ್ಷರ ತಾನೇ ಕಾಣುತ್ತದೆ? ಓದಲಾಗದ ಮೆನು ಅಂದರೆ ಮುರಿದ ಪುಟವೇ.

ಇದಕ್ಕೆ ಬರೆಯುವ ಕ್ರಮ ತಿರುಗಿಸಿ. ಮೊದಲು ಎಲ್ಲರಿಗೂ 90% ಬಿಳಿ ಹಿನ್ನೆಲೆ ಕೊಡಿ. ಮಸುಕು ಇಲ್ಲದಿದ್ದರೂ ಓದಲು ಬರಬೇಕು. ಆಮೇಲೆ ಸಪೋರ್ಟ್ಸ್ ನಿಯಮದೊಳಗೆ (@supports, 'ಈ ಸಾಲು ನಿನಗೆ ಗೊತ್ತಾ?' ಅಂತ ಬ್ರೌಸರನ್ನು ಕೇಳುವ ಷರತ್ತು) ಹಿನ್ನೆಲೆಯನ್ನು 20%ಗೆ ಇಳಿಸಿ, ಬ್ಲರ್ ಸೇರಿಸಿ. ಮಸುಕು ಬರುವ ಕಡೆ ಮಾತ್ರ ಗಾಜು ತೆಳುವಾಗುತ್ತದೆ. ಷರತ್ತಿನಲ್ಲಿ ಎರಡೂ ಹೆಸರನ್ನು ನಡುವೆ 'ಆರ್' (or, ಅಂದರೆ 'ಅಥವಾ') ಹಾಕಿ ಕೇಳಿ. ಪ್ರಿಫಿಕ್ಸ್ ಇಲ್ಲದ್ದನ್ನು ಮಾತ್ರ ಕೇಳಿದರೆ 17ನೇ ಸಫಾರಿ 'ಇಲ್ಲ' ಅನ್ನುತ್ತದೆ, ಮಸುಕು ಮತ್ತೆ ಮಾಯ. ಬಳಕೆದಾರರ ಬ್ರೌಸರ್ ಹೆಸರು ಹುಡುಕುವ ಜಾವಾಸ್ಕ್ರಿಪ್ಟ್ ದಯವಿಟ್ಟು ಬರೆಯಬೇಡಿ. ಆ ಹೆಸರನ್ನು ನಂಬಿದರೆ ಏನಾಗುತ್ತದೆ ಅಂತ ನಿಮ್ಮ ಗೆಳೆಯನ ಫೋನೇ ತೋರಿಸಿದೆ.

ಸಾಲು ಬಿದ್ದಿದೆಯೋ ಇಲ್ಲವೋ ನೋಡಲು ಬ್ರೌಸರ್‌ನಲ್ಲೇ ಇರುವ, ಪುಟದ ಕೋಡ್ ತೋರಿಸುವ ಇನ್‌ಸ್ಪೆಕ್ಟರ್ ತೆರೆಯಿರಿ. ಕ್ರೋಮ್‌ನಲ್ಲಾದರೆ ಗೊತ್ತಿಲ್ಲದ ಸಾಲಿನ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಹಳದಿ ತ್ರಿಕೋನ ತೋರಿಸುತ್ತದೆ.

ಈಗ ಮೆನು ಪಟ್ಟಿ ಸರಿಹೋಗುತ್ತದೆ. ಮುಂದೆ ಅದರಿಂದ ಕೆಳಗಿಳಿಯುವ ಉಪಮೆನುಗೂ ಮಸುಕು ಕೊಡಲು ಹೊರಟರೆ ಕ್ರೋಮ್ ಕೈಕೊಡುತ್ತದೆ. ನಾನು ಇದರ ಮೇಲೆ ಒಂದು ಇಡೀ ಸಂಜೆ ಕಳೆದಿದ್ದೇನೆ. ಹೆಸರು ಸರಿ, ಮೌಲ್ಯ ಸರಿ, ತ್ರಿಕೋನವೂ ಇಲ್ಲ, ಆದರೂ ಮಸುಕಿಲ್ಲ. ಕಾರಣ ತಾಯಿ ಎಲಿಮೆಂಟ್‌ನಲ್ಲಿತ್ತು, ಅಂದರೆ ಉಪಮೆನುವನ್ನು ಒಳಗಿಟ್ಟುಕೊಂಡ ಮೆನು ಪಟ್ಟಿಯಲ್ಲಿ. ಅದಕ್ಕೇ ಬ್ಯಾಕ್‌ಡ್ರಾಪ್-ಫಿಲ್ಟರ್ ಇದ್ದರೆ, ಒಳಗಿನ ಮಗುವಿಗೆ ಅದರಾಚೆಯ ಚಿತ್ರ ಸಿಗುವುದೇ ಇಲ್ಲ. ಮಸುಕು ಮಾಡಲು ಅದರ ಕೈಯಲ್ಲಿ ಏನೂ ಇರುವುದಿಲ್ಲ. ತಾಯಿಯ ಒಪಾಸಿಟಿ (ಎಷ್ಟು ಗಟ್ಟಿಯಾಗಿ ಕಾಣಬೇಕು ಎಂಬ ಅಳತೆ) 1ಕ್ಕಿಂತ ಒಂಚೂರು ಕಡಿಮೆ ಇದ್ದರೂ ಇದೇ ಗತಿ. ದಾರಿ ಸುಲಭ: ಪಟ್ಟಿಯ ಮಸುಕನ್ನು ಪಟ್ಟಿಗೇ ಕೊಡದೆ ಅದರ 'ಬಿಫೋರ್' ಸ್ಯೂಡೋ-ಎಲಿಮೆಂಟ್‌ಗೆ (::before, ಸಿಎಸ್‌ಎಸ್‌ನಿಂದಲೇ ಪಟ್ಟಿಯೊಳಗೆ ಸೇರಿಸುವ ಹೆಚ್ಚುವರಿ ಪದರ) ಕೊಟ್ಟು, ಅದನ್ನು ಹಿಂದೆ ಹಾಸಿ. ಆಗ ಉಪಮೆನು ಅದರ ಮಗುವಲ್ಲ, ಪಕ್ಕದ್ದು. ಎರಡಕ್ಕೂ ಹಿಂದಿನ ಫೋಟೋ ಕಾಣುತ್ತದೆ, ಎರಡೂ ಮಸುಕಾಗುತ್ತವೆ.