ಮಣಿಕಟ್ಟಿನ ನಾಡಿ ಸೆನ್ಸರ್ ಎಲ್ಲಿ ತಪ್ಪುತ್ತದೆ: ಪಿಪಿಜಿ ನಿಖರತೆ ಕುರಿತು ಅಧ್ಯಯನ ಟಿಪ್ಪಣಿ

ಸ್ಮಾರ್ಟ್‌ವಾಚ್‌ನ ಹಿಂಬದಿಯಲ್ಲಿ ಮಿನುಗುವ ಹಸಿರು ಬೆಳಕು ಹೃದಯದ ಬಡಿತವನ್ನು ನೇರವಾಗಿ ಅಳೆಯುವುದಿಲ್ಲ. ಚರ್ಮದೊಳಕ್ಕೆ ಹೋದ ಬೆಳಕಿನಲ್ಲಿ ಎಷ್ಟು ಮರಳಿ ಬಂತು ಎಂಬುದನ್ನಷ್ಟೇ ಫೋಟೋಡಯೋಡ್ ಅಳೆಯುತ್ತದೆ. ಪ್ರತಿ ಬಡಿತಕ್ಕೂ ಚರ್ಮದ ಕೆಳಗಿನ ಸಣ್ಣ ರಕ್ತನಾಳಗಳು ತುಸು ಹಿಗ್ಗುವುದರಿಂದ, ಅಲ್ಲಿ ಹೆಚ್ಚಾದ ಹಿಮೋಗ್ಲೋಬಿನ್ ಹೆಚ್ಚು ಬೆಳಕನ್ನು ಹೀರಿಕೊಂಡು, ಮರಳುವ ಬೆಳಕು ಅಷ್ಟರಮಟ್ಟಿಗೆ ಕುಗ್ಗುತ್ತದೆ. ಈ ವಿಧಾನವೇ ಫೋಟೋಪ್ಲೆತಿಸ್ಮೋಗ್ರಫಿ, ಚಿಕ್ಕದಾಗಿ ಪಿಪಿಜಿ. ಮಣಿಕಟ್ಟಿನಲ್ಲಿ ಬಡಿತದೊಂದಿಗೆ ಏರಿಳಿಯುವ ಭಾಗವು ಮರಳಿ ಬರುವ ಒಟ್ಟು ಬೆಳಕಿನ ಸುಮಾರು ಶೇ 1ರಷ್ಟು, ಅನೇಕ ಸಲ ಅದಕ್ಕಿಂತಲೂ ಕಡಿಮೆ. ಉಳಿದ ಶೇ 99ರಲ್ಲಿ ಆಗುವ ಸಣ್ಣದೊಂದು ಅಲುಗಾಟವೂ ಈ ಶೇ 1ನ್ನು ನುಂಗಿಹಾಕಬಲ್ಲದು. ಆದ್ದರಿಂದ ನಿಖರತೆಯ ಕೆಲಸ ಸಾಫ್ಟ್‌ವೇರ್‌ನಲ್ಲಿ ಅಲ್ಲ, ಚರ್ಮದ ಮೇಲೆ ಶುರುವಾಗುತ್ತದೆ ಎಂಬುದನ್ನು ಮೊದಲೇ ಮನದಟ್ಟು ಮಾಡಿಕೊಳ್ಳಬೇಕು.

ಪಟ್ಟಿ ಸಡಿಲವಾಗಿದ್ದರೆ ಹೊರಗಿನ ಬೆಳಕು ನುಸುಳುತ್ತದೆ ಮತ್ತು ಸೆನ್ಸರ್ ಜಾರಾಡುತ್ತದೆ. ಅತಿ ಬಿಗಿಯಾಗಿದ್ದರೆ ರಕ್ತನಾಳ ಒತ್ತಿಹೋಗಿ ಏರಿಳಿತವೇ ಕುಗ್ಗುತ್ತದೆ. ಚಳಿಯಲ್ಲಿ ಚರ್ಮದ ರಕ್ತನಾಳಗಳು ಸಂಕುಚಿತಗೊಳ್ಳುವುದರಿಂದ ಬೆಳಗಿನ ಜಾವದ ನಡಿಗೆಯ ಮೊದಲ ನಿಮಿಷಗಳ ಅಂಕಿ ಹೆಚ್ಚಾಗಿ ಎಡವಟ್ಟಾಗಿರುತ್ತದೆ. ಹಚ್ಚೆಯ ಶಾಯಿ ಬೆಳಕನ್ನು ತಾನೇ ಹೀರಿಕೊಳ್ಳುತ್ತದೆ. ಹೊರಬೆಳಕಿಗೆ ಪರಿಹಾರ ಸರಳ: ಎಲ್‌ಇಡಿ ಆರಿರುವಾಗಲೂ ಒಂದು ಅಳತೆ ತೆಗೆದು, ಬೆಳಗಿರುವಾಗಿನ ಅಳತೆಯಿಂದ ಅದನ್ನು ಕಳೆಯುವುದು.

ಇವೆಲ್ಲಕ್ಕಿಂತ ಕಠಿಣವಾದದ್ದು ಚಲನೆ. ಓಟಗಾರನೊಬ್ಬ ನಿಮಿಷಕ್ಕೆ 170 ಹೆಜ್ಜೆ ಹಾಕುತ್ತಿದ್ದಾನೆ, ಅವನ ಹೃದಯ 140 ಬಾರಿ ಬಡಿಯುತ್ತಿದೆ ಎಂದುಕೊಳ್ಳೋಣ. ಪ್ರತಿ ಹೆಜ್ಜೆಗೂ ಕೈ ಬೀಸಿ, ವಾಚ್ ಅಲುಗಿ, ಅಂಗಾಂಶದಲ್ಲಿನ ರಕ್ತವೂ ತುಳುಕುವುದರಿಂದ, ಸಂಕೇತವನ್ನು ಆವರ್ತನಗಳಾಗಿ (ಸೆಕೆಂಡಿಗೆ ಎಷ್ಟು ಬಾರಿ ಎಂಬ ಲೆಕ್ಕದಲ್ಲಿ, ಅಂದರೆ ಹರ್ಟ್ಸ್‌ಗಳಲ್ಲಿ) ಬಿಡಿಸಿ ನೋಡಿದಾಗ 2.83 ಹರ್ಟ್ಸ್‌ನ ಹೆಜ್ಜೆಯ ಶೃಂಗವು 2.33 ಹರ್ಟ್ಸ್‌ನ ನಾಡಿಯ ಶೃಂಗಕ್ಕಿಂತ ಎತ್ತರವಾಗಿ ಕಾಣುತ್ತದೆ. ಅತಿ ಎತ್ತರದ ಶೃಂಗವನ್ನೇ ಆರಿಸುವ ವಿಧಾನ 170 ಎಂದು ತೋರಿಸಿಬಿಡುತ್ತದೆ. ಅಂಕಿ ಸ್ಥಿರವಾಗಿಯೂ ನಂಬುವಂತೆಯೂ ಇರುವುದರಿಂದ ಧರಿಸಿದವರಿಗೆ ಅನುಮಾನವೇ ಬರುವುದಿಲ್ಲ. ವಾಚ್‌ನಲ್ಲೇ ಇರುವ ಆಕ್ಸಿಲೆರೋಮೀಟರ್ ಇಲ್ಲಿ ನೆರವಿಗೆ ಬರುತ್ತದೆ: ಅದು ದಾಖಲಿಸಿದ ಚಲನೆಯನ್ನು ಆಧಾರವಾಗಿಟ್ಟುಕೊಂಡು, ಪಿಪಿಜಿಯಲ್ಲಿ ಅದಕ್ಕೆ ಹೊಂದುವ ಭಾಗವನ್ನು ಎಲ್‌ಎಂಎಸ್ ಮಾದರಿಯ ಅಡಾಪ್ಟಿವ್ ಫಿಲ್ಟರ್ (ಉಳಿದ ದೋಷವನ್ನು ನೋಡುತ್ತಾ ತನ್ನನ್ನು ತಾನೇ ತಿದ್ದಿಕೊಳ್ಳುವ ಲೆಕ್ಕವಿಧಾನ) ಅಂದಾಜಿಸಿ ಕಳೆಯುತ್ತಾ ಹೋಗುತ್ತದೆ.

ಆದರೆ ನಾಡಿ 168, ಹೆಜ್ಜೆ 170 ಆದಾಗ ಏನು? ಸಾಮಾನ್ಯವಾಗಿ ಬಳಸುವ 8 ಸೆಕೆಂಡಿನ ತುಣುಕಿನ ಆವರ್ತನ ಸೂಕ್ಷ್ಮತೆ (ಬೇರ್ಪಡಿಸಿ ಕಾಣಬಲ್ಲ ಅತಿ ಸಣ್ಣ ಅಂತರ) 1/8 ಹರ್ಟ್ಸ್, ಅಂದರೆ ನಿಮಿಷಕ್ಕೆ 7.5 ಬಡಿತ. ಹೀಗಾಗಿ ಎರಡು ಶೃಂಗಗಳೂ ಒಂದೇ ಆಗಿ ಬೆರೆತು, ಹೆಜ್ಜೆಯನ್ನು ಕಳೆಯಹೋದ ಫಿಲ್ಟರ್ ನಾಡಿಯನ್ನೂ ಅಳಿಸಿಹಾಕುತ್ತದೆ. 2 ಬಡಿತದ ಅಂತರವನ್ನು ಬೇರ್ಪಡಿಸಲು 30 ಸೆಕೆಂಡಿನ ತುಣುಕು ಬೇಕು. ಅಷ್ಟರೊಳಗೆ ಓಟಗಾರನ ಬಡಿತವೇ ಬದಲಾಗಿರುತ್ತದೆ. ಹಾಗಾಗಿ ಹಿಂದಿನ ಕ್ಷಣದ ಅಂದಾಜಿನ ಆಸುಪಾಸಿನಲ್ಲೇ ಮುಂದಿನದನ್ನು ಹುಡುಕುವ ತಂತ್ರ ಬಳಕೆಗೆ ಬಂತು. ಅದರ ದೌರ್ಬಲ್ಯವೂ ಸ್ಪಷ್ಟ: ಒಮ್ಮೆ ದಾರಿ ತಪ್ಪಿದರೆ ಬಹಳ ಹೊತ್ತು ತಪ್ಪು ದಾರಿಯಲ್ಲೇ ಸಾಗುತ್ತದೆ.

ಬಾಳೆಹಣ್ಣಿಗೆ ಕಟ್ಟಿದ ಬ್ಯಾಂಡ್ ಕೂಡ ಕೆಲವೊಮ್ಮೆ ನಾಡಿ ತೋರಿಸುತ್ತದೆ ಎಂಬುದು ಬರೀ ತಮಾಷೆಯಲ್ಲ. ಸಂಕೇತ ಸಿಗದಾಗ ಸಾಧನವು ಬೆಳಕನ್ನೂ ವರ್ಧನೆಯನ್ನೂ ಏರಿಸುತ್ತದೆ, ಗದ್ದಲವೂ ಹಿಗ್ಗುತ್ತದೆ, ಆ ಗದ್ದಲದಲ್ಲೇ ಯಾವುದೋ ಒಂದು ಶೃಂಗವನ್ನು ಆರಿಸಲೇಬೇಕೆಂಬ ಕಟ್ಟಳೆ ಪ್ರೋಗ್ರಾಮ್‌ನಲ್ಲಿರುತ್ತದೆ. ಸಂಕೇತದ ಗುಣಮಟ್ಟವನ್ನು ಮೊದಲು ಪರೀಕ್ಷಿಸಿ, ಅದು ಕಳಪೆಯಾಗಿದ್ದರೆ ಅಂಕಿಯ ಜಾಗದಲ್ಲಿ ಅಡ್ಡಗೆರೆ ತೋರಿಸುವುದೇ ನನ್ನ ದೃಷ್ಟಿಯಲ್ಲಿ ಪ್ರಾಮಾಣಿಕ ವಿನ್ಯಾಸ.

ಬಡಿತದ ಸರಾಸರಿ ಸರಿಯಿದ್ದ ಮಾತ್ರಕ್ಕೆ ಬಡಿತಗಳ ನಡುವಿನ ಅಂತರದ ವ್ಯತ್ಯಾಸವೂ, ಅಂದರೆ ಎಚ್‌ಆರ್‌ವಿ ಕೂಡ, ಸರಿಯಿದೆ ಎಂದು ತಿಳಿಯಬಾರದು. ಸೆಕೆಂಡಿಗೆ 25 ಮಾದರಿ (ಬಿಡಿ ಅಳತೆ) ತೆಗೆಯುವ ಸಾಧನದಲ್ಲಿ ಎರಡು ಮಾದರಿಗಳ ನಡುವೆ 40 ಮಿಲಿಸೆಕೆಂಡ್ ಅಂತರವಿರುತ್ತದೆ. ಅಳೆಯಬೇಕಾದ ವ್ಯತ್ಯಾಸವೇ 30 ಮಿಲಿಸೆಕೆಂಡ್ ಇದ್ದರೆ, ಮಾದರಿಗಳ ನಡುವಿನ ವಕ್ರರೇಖೆಯನ್ನು ಅಂದಾಜಿಸಿ ತುಂಬದ ಹೊರತು ಆ ಲೆಕ್ಕಕ್ಕೆ ಅರ್ಥವಿಲ್ಲ.

ಆಮ್ಲಜನಕದ ಮಟ್ಟವನ್ನು ಅಳೆಯಲು ಸುಮಾರು 660 ನ್ಯಾನೋಮೀಟರಿನ ಕೆಂಪು ಮತ್ತು 940ರ ಅವಕೆಂಪು ಬೆಳಕು ಬೇಕು. ಎರಡರ ಏರಿಳಿತದ ಅನುಪಾತದಿಂದ ಶೇಕಡಾ ಅಂಕಿಗೆ ಹೋಗುವ ಕೋಷ್ಟಕವನ್ನು ಸ್ವಯಂಸೇವಕರ ಮೇಲಿನ ಪ್ರಯೋಗಗಳಿಂದಲೇ ಕಟ್ಟಲಾಗುತ್ತದೆ. ಆ ಸ್ವಯಂಸೇವಕರು ಯಾರು ಎಂಬುದು ಇಲ್ಲಿ ನಿರ್ಣಾಯಕ. ಅಮೆರಿಕದ ಆಸ್ಪತ್ರೆಗಳ ದಾಖಲೆ ಆಧರಿಸಿ 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆಕ್ಸಿಮೀಟರ್ 92ರಿಂದ 96 ತೋರಿಸುತ್ತಿದ್ದಾಗಲೂ ಅಪಧಮನಿಯ ನಿಜವಾದ ಮಟ್ಟ 88ಕ್ಕಿಂತ ಕೆಳಗಿದ್ದ ಪ್ರಸಂಗಗಳು ಕಪ್ಪು ವರ್ಣೀಯರಲ್ಲಿ ಶೇ 11.7, ಬಿಳಿಯರಲ್ಲಿ ಶೇ 3.6 ಇದ್ದವು. ಅದೇ ವರ್ಷ ಡ್ಯೂಕ್ ವಿಶ್ವವಿದ್ಯಾಲಯದ ತಂಡ 53 ಜನರ ಮೇಲೆ ಮಣಿಕಟ್ಟಿನ ಸಾಧನಗಳನ್ನು ಪರೀಕ್ಷಿಸಿದಾಗ, ಹೃದಯ ಬಡಿತದ ಮಟ್ಟಿಗೆ ಚರ್ಮದ ಬಣ್ಣದಿಂದ ಗಣನೀಯ ವ್ಯತ್ಯಾಸ ಕಾಣಲಿಲ್ಲ, ಚಟುವಟಿಕೆಯ ವೇಳೆ ಮಾತ್ರ ದೋಷ ವಿಶ್ರಾಂತಿಗಿಂತ ಸರಾಸರಿ ಶೇ 30 ಹೆಚ್ಚಿತ್ತು. ಒಂದು ಅಳತೆಯ ಬಗ್ಗೆ ನಿಜವಾದದ್ದು ಇನ್ನೊಂದಕ್ಕೆ ಅನ್ವಯಿಸಬೇಕಿಲ್ಲ.

ಸುಧಾರಣೆಯಾಗಿದೆಯೇ ಎಂದು ನೋಡಲು ಎದೆಗೆ ಕಟ್ಟುವ ಇಸಿಜಿ ಪಟ್ಟಿಯೊಂದಿಗೆ ಹೋಲಿಸುವುದು ವಾಡಿಕೆ, ಆದರೆ ಎರಡರ ಅಂಕಿಗಳು ಒಟ್ಟಿಗೆ ಏರಿಳಿಯುತ್ತವೆಯೇ ಎಂದಷ್ಟೇ ಹೇಳುವ ಸಹಸಂಬಂಧದ ಗುಣಾಂಕವನ್ನು ನಂಬಬಾರದು: ಸದಾ 8 ಬಡಿತ ಹೆಚ್ಚು ತೋರಿಸುವ ವಾಚ್‌ಗೂ ಆ ಗುಣಾಂಕ 1 ಬರುತ್ತದೆ. ಸಂಖ್ಯಾಶಾಸ್ತ್ರಜ್ಞರಾದ ಬ್ಲ್ಯಾಂಡ್ ಮತ್ತು ಆಲ್ಟ್‌ಮನ್ 1986ರಲ್ಲಿ ವಿವರಿಸಿದ ನಕ್ಷೆಯಲ್ಲಿ ಎರಡು ಸಾಧನಗಳ ವ್ಯತ್ಯಾಸವನ್ನು ಅವುಗಳ ಸರಾಸರಿಯ ಎದುರು ಗುರುತಿಸಿ, ಸರಾಸರಿ ವ್ಯತ್ಯಾಸದ ಎರಡೂ ಬದಿಗೆ ಪ್ರಮಾಣಿತ ವಿಚಲನೆಯ (ವ್ಯತ್ಯಾಸಗಳು ಎಷ್ಟು ಚದುರಿವೆ ಎಂಬುದರ ಅಳತೆ) 1.96 ಪಟ್ಟು ದೂರದಲ್ಲಿ ಗೆರೆ ಎಳೆಯುತ್ತಾರೆ. ಸರಾಸರಿ ವ್ಯತ್ಯಾಸ ಸೊನ್ನೆಯ ಹತ್ತಿರವಿದ್ದೂ ಈ ಗೆರೆಗಳು ಮೈನಸ್ 20 ಮತ್ತು ಪ್ಲಸ್ 20ರಲ್ಲಿ ಬಿದ್ದರೆ, ಆ ವಾಚ್ ತಿಂಗಳ ಸರಾಸರಿ ನೋಡಲು ಸಾಕಾಗಬಹುದು, ಓಟದ ನಡುವೆ ಆ ಕ್ಷಣದ ಬಡಿತ ತಿಳಿಯಲು ಸಾಲದು.